ಮೊಂಡಾದ ಮುಳ್ಳು

ದಾವಲಸಾಬರ ರೆಕಾರ್ಡ್ ಪ್ಲೇಯರಿನಲ್ಲಿ ಒಂದು ಮುಳ್ಳಿತ್ತು. ಸಾಬರು ಪ್ರೀತಿಯಿಂದ ಕೂಡಿಟ್ಟಿದ್ದ ಖಯಾಲು, ಕೀರ್ತನೆ, ಗಜಲು, ಜಾಝ್ ರೆಕಾರ್ಡುಗಳ ಮೇಲೆಲ್ಲ ಓಡಾಡಿ ಅದು ಮೊಂಡಾಗಿತ್ತು. ಈಗ ಅದು ತಗುಲಿದರೆ ರೆಕಾರ್ಡುಗಳಿಗೆ ನೋಯುತ್ತಿತ್ತು. ಬಹಳ ಕಾಲದ ಸ್ನೇಹವೆಂದು ಅವು ಸುಮ್ಮನಿದ್ದವು. ಮುಳ್ಳಿಗೂ ಅದು ಗೊತ್ತಿತ್ತು.

ಒಂದು ಬೆಳಿಗ್ಗೆ ಸಾಬರು ಬೀಸುಕಲ್ಲಿನ ಪದಗಳ ಹಳೆಯ ರೆಕಾರ್ಡೊಂದನ್ನು ಹುಡುಕಿ ತಂದರು. ಹಾಡಿದಾಕೆ ತೀರಿಕೊಂಡಿದ್ದಳು. ಅವಳ ದನಿ ಉಳಿದದ್ದು ಅದೊಂದರಲ್ಲೇ.

ಮುಳ್ಳು ಅದರ ಅಂಚಿಗಿಳಿದು ಅಲ್ಲೇ ನಿಂತಿತು.

"ಯಾಕೆ ನಿಂತೆ?" ಎಂದಿತು ರೆಕಾರ್ಡು.

"ನಾನು ಮೊಂಡಾಗಿದ್ದೇನೆ. ಮುಂದೆ ಬಂದರೆ ನಿನ್ನ ದನಿಯನ್ನು ಕೆರೆದುಬಿಡುತ್ತೇನೆ."

"ಕೆರೆದರೂ ಸರಿ. ವರ್ಷಗಟ್ಟಲೆ ಅಟ್ಟದ ಮೇಲೆ ಬಾಯಿ ಮುಚ್ಚಿ ಮಲಗಿದ್ದೇನೆ. ಒಂದು ಸಲ ಹಾಡಿಸು."

ಮುಳ್ಳಿಗೂ ಆಸೆಯಿತ್ತು, ಅಂಥ ಹಾಡನ್ನು ಅದು ಎಂದೂ ಮುಟ್ಟಿರಲಿಲ್ಲ. "ನೀನು ಹಾಡಲೇಬೇಕು. ಆದರೆ ನನ್ನ ಕೈಯಲ್ಲಿ ಬೇಡ," ಎಂದು ಹೊರಕ್ಕೆ ಜಾರಿತು. ಸಾಬರು ಮತ್ತೆ ಇಟ್ಟರು. ಅದು ಮತ್ತೆ ಜಾರಿತು.

"ಪಾಪ, ದಣಿದೈತಿ," ಎಂದು ಸಾಬರು ಅದನ್ನು ಬಿಚ್ಚಿ, ಕಿಟಕಿಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ಹೊಸ ಮುಳ್ಳು ಕೂರಿಸಿದರು.

ಆ ಹೆಂಗಸಿನ ದನಿ ಕೋಣೆಯ ತುಂಬ ಎದ್ದಿತು. ಕಟ್ಟೆಯ ಮೇಲಿದ್ದ ಹಳೆಯ ಮುಳ್ಳು ಬೆರಗಾಯಿತು. ಗೆರೆಯ ಬೆನ್ನು ಹತ್ತಿ ಓಡುವ ಗಡಿಬಿಡಿಯಲ್ಲಿ ಅದು ಇಷ್ಟು ವರ್ಷ ಒಂದು ಹಾಡನ್ನೂ ಕೂತು ಕೇಳಿರಲಿಲ್ಲ. ಈಗ ಎಳೆಬಿಸಿಲಿನಲ್ಲಿ ಮಲಗಿ ಕೇಳಿತು.

ಹಾಡು ಮುಗಿದಾಗ, "ಇನ್ನೊಂದು," ಎಂದಿತು.