ಮರಿಸ್ವಾಮಿ ಕರಾಟೆಗೆ ಸೇರಿದ್ದು

ಕೂತ್ಕೊಳ್ಳಿ, ಹೇಳ್ತೀನಿ. ದುಂಡಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮರಿಸ್ವಾಮಿ ಅಂತ ಒಬ್ಬನೇ ಮಗ. ಮಗನಿಗೆ ಮೂವತ್ತು ತುಂಬಿತ್ತು, ಮೈ ಎತ್ತಿನ ಹಾಗಿತ್ತು, ಬುದ್ಧಿ ಮಾತ್ರ ಆರು ವರ್ಷಕ್ಕೇ ನಿಂತುಹೋಗಿತ್ತು. ಏನು ಹೇಳಿದರೆ ಅದನ್ನೇ ಮಾಡುತ್ತಿದ್ದ. ಹೇಳಿದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ. ಬಾಗಿಲು ನೋಡ್ಕೊಂಡಿರು ಅಂದರೆ ಬಾಗಿಲನ್ನೇ ನೋಡಿಕೊಂಡು ಕೂರುತ್ತಿದ್ದ. ನಾಯಿ ಪಕ್ಕದಲ್ಲೇ ನುಗ್ಗಿ ಮುದ್ದೆ ತಿಂದು ಹೋದರೂ ಕಣ್ಣು ಮಾತ್ರ ಬಾಗಿಲ ಮೇಲೆ.

ತಾಯಿ ಮಗ ಇಬ್ಬರೂ ಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ಕೆಲಸಕ್ಕಿದ್ದರು. ಅವಳು ಪಾತ್ರೆ ತೊಳೆಯೋಳು. ಇವನು ನೀರು ಹೊರೋನು, ಎಂಜಲೆಲೆ ಎತ್ತೋನು. ದುಂಡಮ್ಮನಿಗೆ ಎರಡು ವರ್ಷದಿಂದ ಏದುಸಿರು. ನಾಲ್ಕು ಪಾತ್ರೆ ಉಜ್ಜಿದರೆ ಕಂಬ ಹಿಡಿದು ನಿಲ್ಲಬೇಕು. ನಿಂತಾಗಲೆಲ್ಲ ಅವಳಿಗೆ ಒಂದೇ ಯೋಚನೆ, ನಾನು ಕಣ್ಮುಚ್ಚಿದ ಮೇಲೆ ಇವನ ಗತಿ ಏನು ಅಂತ.

ಯೋಚನೆಗೆ ಕಾರಣ ಇತ್ತು. ಅಡುಗೆಮನೆಯಲ್ಲಿ ಗವಿರಂಗ ಅನ್ನೋನು ಹುಳಿ ಕಲಕುತ್ತಿದ್ದ. ಅವನಿಗೆ ಮರಿಸ್ವಾಮಿಯ ಕತ್ತು ಕಂಡರೆ ಕೈ ತುರಿಕೆ. ಹೋಗ್ತಾ ಒಂದೇಟು, ಬರ್ತಾ ಒಂದೇಟು. ಹೊಡೆದು ನಗೋನು. ಉಳಿದವರೂ ನಗೋರು. ಮರಿಸ್ವಾಮಿ ನಗುತ್ತಿರಲಿಲ್ಲ. ಅವನಿಗೆ ನೋವಾಗುತ್ತಿತ್ತು.

ಒಂದು ದಿನ ದುಂಡಮ್ಮ ಮಗನನ್ನು ಕೂರಿಸಿಕೊಂಡು ಹೇಳಿದಳು. "ಮಗಾ, ಅವನು ಹೊಡೆಯೋಕೆ ಬಂದರೆ ಸುಮ್ಮನೆ ನಿಂತ್ಕೋಬೇಡ ಕಣೋ. ಕಾಲಿಗೆ ಬುದ್ಧಿ ಹೇಳು."

"ಹೂಂ ಅವ್ವ."

ಅವ್ವ ಹೇಳಿದಳು. ಮರಿಸ್ವಾಮಿ ಕೇಳಿದ. ಕೇಳಿದ್ದನ್ನೇ ಮಾಡಿದ.

ಮಾರನೇ ದಿನ ಗವಿರಂಗ ಸೌಟು ಹಿಡಿದು ಬಂದ. ಮರಿಸ್ವಾಮಿ ಕೊಡ ಇಳಿಸಿ, ನೆಲದ ಮೇಲೆ ಕೂತು, ಕಾಲು ಎರಡನ್ನೂ ಮುಂದಕ್ಕೆ ಚಾಚಿದ. "ಕಾಲೇ, ಚೆನ್ನಾಗಿ ಕೇಳಿಸ್ಕೊ. ಕೆಸರು ತುಳೀಬೇಡ. ದೊಡ್ಡವರ ಮುಂದೆ ಕುಣೀಬೇಡ. ಎಡಗಾಲೇ, ನೀನು ಯಾವಾಗಲೂ ಚಪ್ಪಲಿ ಕಳ್ಕೊಂಡು ಬರ್ತೀಯ. ಹಾಗೆಲ್ಲ ಮಾಡಬಾರದು." ಗವಿರಂಗ ಅಷ್ಟನ್ನೂ ನಿಂತು ಕೇಳಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಸೌಟು ಎತ್ತಿ ಕಿವಿಯ ಮೇಲೆ ಹಾಕಿದ. ರಕ್ತ ಭುಜದವರೆಗೂ ಇಳಿಯಿತು.

ದುಂಡಮ್ಮ ಸೆರಗಿನಲ್ಲಿ ರಕ್ತ ಒರೆಸುತ್ತಾ ಬೈದಳು. "ಓಡಿಹೋಗು ಅಂತ ಕಣೋ ನಾನು ಹೇಳಿದ್ದು."

"ಓಡು ಅನ್ನಲಿಲ್ಲ ಅವ್ವ ನೀನು. ಬುದ್ಧಿ ಹೇಳು ಅಂದೆ. ಹೇಳಿದೆ."

ಆ ಕಿವಿ ಆಮೇಲೆ ಸರಿಯಾಗಿ ಕೇಳಿಸಲೇ ಇಲ್ಲ.

ಮದುವೆ ಇಲ್ಲದ ದಿನ ಬೆಳಿಗ್ಗೆ ಆರಕ್ಕೆ ಅದೇ ಮಂಟಪದ ಊಟದ ಹಾಲಿನಲ್ಲಿ ಇನಾಯತ್ ಮೇಷ್ಟ್ರು ಕರಾಟೆ ಹೇಳಿಕೊಡುತ್ತಿದ್ದರು. ಕಸುಬಿನಲ್ಲಿ ದರ್ಜಿ. ಕಲಿಯೋಕೆ ಬರೋ ಮಕ್ಕಳ ಬಿಳಿ ಬಟ್ಟೆಯನ್ನೂ ಅವರೇ ಹೊಲಿಯೋರು. ದುಂಡಮ್ಮ ಮಗನನ್ನು ಅವರ ಮುಂದೆ ನಿಲ್ಲಿಸಿದಳು.

"ಮೇಷ್ಟ್ರೇ, ಇವನಿಗೆ ಯಾರನ್ನೂ ಹೊಡೆಯೋದು ಕಲಿಸಬೇಡಿ. ಏಟು ತಿನ್ನದ ಹಾಗೆ ಇರೋದು ಕಲಿಸಿ."

ಮೇಷ್ಟ್ರು ಆ ಕಿವಿಯನ್ನು ನೋಡಿದರು. "ಸೋಮವಾರದಿಂದ ಕಳಿಸಮ್ಮ. ದೊಡ್ಡ ಅಳತೇದು ಒಂದು ಜೊತೆ ಬಟ್ಟೆ ನಾನೇ ಹೊಲಿದುಕೊಡ್ತೀನಿ" ಅಂದರು.

ಭಾನುವಾರ ಮಧ್ಯಾಹ್ನದಿಂದಲೇ ಮರಿಸ್ವಾಮಿಯ ಹೊಟ್ಟೆಯಲ್ಲಿ ಏನೋ ಹೊರಳಾಡತೊಡಗಿತು. ಅವನು ಕಿಟಕಿಯಿಂದ ನೋಡಿದ್ದ. ಮಕ್ಕಳು ಸಾಲಾಗಿ ನಿಂತು ಕೂಗಿ ಕೂಗಿ ಕೈ ಬೀಸುತ್ತಿದ್ದರು. ಒಂದೊಂದು ಕೂಗಿಗೂ ಇವನ ಕತ್ತು ತಾನೇ ಒಳಕ್ಕೆ ಹೋಗುತ್ತಿತ್ತು.

"ಅವ್ವ, ಅಲ್ಲಿ ಹೊಡೀತಾರಾ?"

"ಇಲ್ಲ ಕಂದ."

"ಮತ್ತೆ ಕರಾಟೆ ಅಂದರೆ ಹೊಡೆಯೋದೇ ತಾನೇ?"

ದುಂಡಮ್ಮ ಅವನ ಬೆನ್ನು ಸವರಿದಳು. "ಎದೆ ಗಟ್ಟಿ ಮಾಡ್ಕೊಂಡು ಹೋಗು ಮಗಾ" ಅಂದಳು. "ಎದೆ ಒಂದು ಗಟ್ಟಿ ಇದ್ದರೆ ಯಾವ ಹೆದರಿಕೆಯೂ ಇಲ್ಲ."

ಅವ್ವ ಹೇಳಿದಳು. ಮರಿಸ್ವಾಮಿ ಕೇಳಿದ. ಕೇಳಿದ್ದನ್ನೇ ಮಾಡಿದ.

ಸೋಮವಾರ ಬೆಳಿಗ್ಗೆ ಚಪಾತಿ ಮಣೆ ತಗೊಂಡು ಎದೆಗೆ ಇಟ್ಟು, ಟವೆಲಿನಲ್ಲಿ ಬಿಗಿದು ಕಟ್ಟಿ, ಮೇಲೆ ಬಿಳಿ ಬಟ್ಟೆ ಹಾಕಿಕೊಂಡ. ತಾನೇ ಬಡಿದು ನೋಡಿಕೊಂಡ. ಟಕ ಟಕ ಅಂತು. ಗಟ್ಟಿಯಾಗೇ ಇತ್ತು. ಹಾಲಿನಲ್ಲಿ ಸಾಲಿನ ಕೊನೆಗೆ ಹೋಗಿ ನಿಂತ. ಮೇಷ್ಟ್ರು ಸಾಲು ನೋಡುತ್ತಾ ಬಂದವರು, ಹೊಸಬ ಬಂದನಲ್ಲ ಅಂತ ಖುಷಿಯಲ್ಲಿ, "ಎದೆ ಎತ್ತಿ ನಿಂತ್ಕೊಳ್ಳಪ್ಪ" ಅಂತ ಮುಷ್ಟಿಯಿಂದ ಒಂದು ಗುದ್ದು ಕೊಟ್ಟರು. ಕೊಟ್ಟವರು ಕೈ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಎರಡು ಬೆರಳು ಬದನೆಕಾಯಿಯ ಹಾಗೆ ಊದಿಕೊಂಡವು. ನಾಲ್ಕು ದಿನ ಕತ್ತರಿ ಹಿಡಿಯೋಕಾಗಲಿಲ್ಲ, ಅಂಗಡಿ ಬಾಗಿಲು ಹಾಕಿದರು.

ಆದರೂ ಕೋಪ ಮಾಡಿಕೊಳ್ಳಲಿಲ್ಲ, ಒಳ್ಳೇ ಮನುಷ್ಯ. "ಮಣೆ ಕಟ್ಕೊಳ್ಳೋದಲ್ಲ ಕಣಪ್ಪ. ಧೈರ್ಯ ತಂದ್ಕೋಬೇಕು. ಇನ್ನು ಮೇಲೆ ಹೆದರಿಕೇನ ಬಾಗಿಲ ಹೊರಗೆ ಬಿಟ್ಟು ಒಳಗೆ ಬಾ" ಅಂದರು.

ಮೇಷ್ಟ್ರು ಹೇಳಿದರು. ಮರಿಸ್ವಾಮಿ ಕೇಳಿದ. ಕೇಳಿದ್ದನ್ನೇ ಮಾಡಿದ.

ಬಾಗಿಲ ಹೊರಗೆ ಬಂದು ನಿಂತ. ಒಳಗೆ ಮಕ್ಕಳು ಕೂಗುತ್ತಿದ್ದರು. ಇವನು ಹೊರಗೆ ನಿಂತು ಹೆದರಿಕೆ ಇಳಿದು ಹೋಗಲಿ ಅಂತ ಕಾಯ್ದ. ಕಾಲು ನಡುಗುತ್ತಿತ್ತು. ಅಂದರೆ ಇನ್ನೂ ಇದೆ ಅಂತ ಲೆಕ್ಕ. ಮೈ ಒದರಿದ. ಉಗುಳಿ ನೋಡಿದ. ಹೋಗಲಿಲ್ಲ. ಪಾಠ ಮುಗಿಯಿತು, ಮಕ್ಕಳು ಮನೆಗೆ ಹೋದರು. ಎರಡನೇ ದಿನವೂ ಹಾಗೇ. ಮೂರನೇ ದಿನ ಜಡಿಮಳೆ. ಹೊಸ ಬಟ್ಟೆ ತೊಯ್ದು ಮೈಗೆ ಅಂಟಿಕೊಂಡಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು, ಇವನು ನಿಂತೇ ಇದ್ದ. ಮೇಷ್ಟ್ರು ಹೊರಗೆ ಬಂದರು.

"ಇಲ್ಲೇನು ಮಾಡ್ತಿದೀಯ ಮರಿಸ್ವಾಮಿ?"

"ಹೆದರಿಕೆ ಇನ್ನೂ ಹೋಗಿಲ್ಲ ಮೇಷ್ಟ್ರೇ. ಹೊಟ್ಟೇಲಿ ಕೂತಿದೆ. ಇಳಿ ಅಂದರೂ ಇಳೀತಿಲ್ಲ."

ಮೇಷ್ಟ್ರು ಅವನನ್ನು ಹೊಸ್ತಿಲ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. "ನನಗೂ ಹಾಗೇ ಆಗಿತ್ತು. ಮೊದಲನೇ ದಿನ ಅರ್ಧ ದಾರಿ ಬಂದು ವಾಪಸ್ ಹೋದೆ. ಎರಡನೇ ದಿನವೂ ಹೋದೆ."

"ಆಮೇಲೆ ಅದು ಹೋಯ್ತಾ?"

"ಹೋಗಲಿಲ್ಲ. ಅದನ್ನ ಕರ್ಕೊಂಡೇ ಒಳಗೆ ಹೋದೆ. ಇದ್ದರೆ ಇರಲಿ ಬಿಡು. ನೀನು ಒಳಗೆ ಬಾ, ನಿನ್ನ ಮುಂದೆ ನಿಂತಿರೋರು ಏನು ಮಾಡ್ತಾರೋ ಅದನ್ನ ಮಾಡು. ಅಷ್ಟೇ."

ಮರಿಸ್ವಾಮಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಎದ್ದ. ಹೊಸ್ತಿಲು ದಾಟಿದ. ಒಳಗೆ ಹೋದ. ಅವನು ಜನ್ಮದಲ್ಲೇ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ಅವನ ಮುಂದೆ ನಿಂತಿದ್ದದ್ದು ಲಾವಣ್ಯ ಅಂತ, ಹತ್ತು ವರ್ಷದ ಹುಡುಗಿ. ಅವಳು ಬಗ್ಗಿದಳು, ಇವನು ಬಗ್ಗಿದ. ಅವಳು ಕೈ ಬೀಸಿದಳು, ಇವನು ಬೀಸಿದ. ಅವಳು ಜಡೆ ಸರಿಮಾಡಿಕೊಂಡಳು, ಇವನು ಇಲ್ಲದ ಜಡೆ ಸರಿಮಾಡಿಕೊಂಡ. ಪಾಠ ಮುಗಿಯಿತು. ಮೇಷ್ಟ್ರು ಕಿಟಕಿ ಹಾಕೋಕೆ ಹೋದರು. ಅವಳು ಚಪ್ಪಲಿ ಮೆಟ್ಟಿ ಹೊರಟಳು. ಇವನೂ ಚಪ್ಪಲಿ ಮೆಟ್ಟಿ ಹೊರಟ. ಅವಳು ಚರಂಡಿ ಹಾರಿದಳು, ಇವನು ಹಾರಿದ. ಅವಳು ಹಿಂದೆ ತಿರುಗಿ ನೋಡಿದಳು, ಇವನೂ ಹಿಂದೆ ತಿರುಗಿ ನೋಡಿದ. ಅವಳು ಹೆದರಿ ಓಡಿದಳು. ಇವನು ಓಡಿದ. ಅವಳು ಅಳುತ್ತಾ ಮನೆಯೊಳಕ್ಕೆ ನುಗ್ಗಿದಳು. ಇವನೂ ಅಳುತ್ತಾ ನುಗ್ಗಿದ.

ಅವರಪ್ಪ ಇದ್ದ, ಚಿಕ್ಕಪ್ಪ ಇದ್ದ, ಬೀದಿಯ ಜನ ಇದ್ದರು. ಎಳೆದು ತಂದು ರಸ್ತೆಗೆ ಕೆಡವಿದರು. "ಯಾಕೋ ಹುಡುಗಿ ಹಿಂದೆ ಬಂದೆ?" ಅಂತ ಕೇಳಿದರು.

"ಮುಂದೆ ಅವಳಿದ್ದಳು, ಅದಕ್ಕೆ."

ಆ ಮಾತಿಗೆ ಇನ್ನಷ್ಟು ಬಿತ್ತು. ದುಂಡಮ್ಮ ಉಸಿರು ಕಟ್ಟಿಕೊಂಡು ಓಡಿ ಬಂದು ಒಬ್ಬೊಬ್ಬರ ಕಾಲಿಗೂ ಬಿದ್ದಳು. ಇನಾಯತ್ ಮೇಷ್ಟ್ರು ಬಂದು ತಪ್ಪು ತಮ್ಮದು ಅಂತ ಕೈಮುಗಿದು ಹೇಳಿದರು. ಬಿಟ್ಟರು. ಅಷ್ಟು ಹೊತ್ತಿಗೆ ಮುಂದಿನ ಎರಡು ಹಲ್ಲು ಹೋಗಿದ್ದವು.

"ಸಾಕು ಬಿಡು ಮಗಾ, ನಮಗೆ ಈ ಕರಾಟೆ ಬೇಡ" ಅಂದಳು ದುಂಡಮ್ಮ.

ಮರಿಸ್ವಾಮಿ ಊದಿದ ಬಾಯಲ್ಲಿ ಹೇಳಿದ. "ಅವ್ವ, ನಾನು ಒಳಗೆ ಹೋದೆ. ಹೆದರಿಕೆ ಇತ್ತು. ಆದರೂ ಹೋದೆ."

ಅವಳು ಆಚೆ ತಿರುಗಿ ಕಣ್ಣು ಒರೆಸಿಕೊಂಡಳು. ಎಂಟು ದಿನ ಬಿಟ್ಟು ತಾನೇ ಕರೆದುಕೊಂಡು ಹೋಗಿ ಬಿಟ್ಟಳು.

ಈ ಸಲ ಮೇಷ್ಟ್ರು ಅವನನ್ನು ಬೇರೆಯೇ ನಿಲ್ಲಿಸಿಕೊಂಡರು. ತುಂಬ ಯೋಚನೆ ಮಾಡಿ, ಒಂದೊಂದೇ ಮಾತು ಆರಿಸಿ ಹೇಳಿದರು. "ನೋಡು. ಎದುರಿಗೆ ಯಾರೇ ಬರಲಿ, ಕೈ ಜೋರಾಗಿ ಮುಂದಕ್ಕೆ ಹೋಗಲಿ. ಆದರೆ ಮುಟ್ಟಬಾರದು. ಒಂದು ಬೆರಳು ದೂರ ಇರೋ ಹಾಗೆ ನಿಲ್ಲಿಸಿಬಿಡು. ಯಾರನ್ನೂ, ಯಾವತ್ತೂ ಮುಟ್ಟಬೇಡ."

"ಯಾರನ್ನೂ ಮುಟ್ಟಬಾರದಾ?"

"ಯಾರನ್ನೂ."

"ಹಾಗಾದರೆ ಯಾರಿಗೂ ನೋವಾಗಲ್ಲ?"

"ಆಗಲ್ಲ."

ಮರಿಸ್ವಾಮಿಯ ಹೊಟ್ಟೆಯಲ್ಲಿ ಹೊರಳಾಡುತ್ತಿದ್ದದ್ದು ಅವತ್ತು ತಣ್ಣಗೆ ಮಲಗಿತು. ನೋವಾಗದ ಕರಾಟೆ. ಅದು ಅವನಿಗೆ ಹಿಡಿಸಿತು. ಕಂಬಕ್ಕೆ ಬೀಸಿದ, ಒಂದು ಬೆರಳು ಹಿಂದೆ ನಿಲ್ಲಿಸಿದ. ಗೋಡೆಗೆ ಬೀಸಿದ, ಒಂದು ಬೆರಳು. ಮೇಷ್ಟ್ರ ಎದೆಗೆ ಬೀಸಿದ, ಒಂದು ಬೆರಳು. ಎರಡು ತಿಂಗಳು ಇದೊಂದನ್ನೇ ಮಾಡಿದ. ಆಮೇಲಾಮೇಲೆ ಮೇಷ್ಟ್ರೇ ಮಕ್ಕಳನ್ನು ಕರೆದು, "ಕೈ ನಿಲ್ಲಿಸೋದು ಇವನನ್ನ ನೋಡಿ ಕಲೀರಿ" ಅನ್ನತೊಡಗಿದರು.

ಒಂದು ಮದುವೆಯ ಹಿಂದಿನ ದಿನ ಗವಿರಂಗ ಅಭ್ಯಾಸದ ಹಾಗೆ ಕತ್ತಿನ ಮೇಲೆ ಒಂದೇಟು ಹಾಕೋಕೆ ಬಂದ. ಮರಿಸ್ವಾಮಿ ತಿರುಗಿದ. ಗಂಟಲು ಹರಿಯೋ ಹಾಗೆ ಒಂದು ಕೂಗು ಹಾಕಿದ. ಅವನ ಮುಷ್ಟಿ ಗವಿರಂಗನ ಮೂಗಿನ ಮುಂದೆ ಬಂದು ಗಕ್ಕನೆ ನಿಂತಿತು. ಅಲ್ಲಾಡಲಿಲ್ಲ. ಗವಿರಂಗ ಹಿಂದಕ್ಕೆ ಹಿಂದಕ್ಕೆ ಹೋಗಿ, ಕಾಯಿಪಲ್ಯದ ರಾಶಿಯ ಮೇಲೆ ಕೂತುಬಿಟ್ಟ. ಅವತ್ತಿನಿಂದ ಏಟು ನಿಂತಿತು. ದುಂಡಮ್ಮ ಪಾತ್ರೆ ಉಜ್ಜುತ್ತಾ ಅದನ್ನೆಲ್ಲ ನೋಡಿದ್ದಳು. "ಇನ್ನು ನಾನು ಇದ್ದರೂ ಸರಿ, ಹೋದರೂ ಸರಿ" ಅಂದಳು. ಎಷ್ಟೋ ವರ್ಷಕ್ಕೆ ಅವಳ ಮುಖದಲ್ಲಿ ನಗು ಕಂಡಿತ್ತು.

ಮದುವೆ ದಿನ ಬಂತು. ಮೇಲಿನ ಹಾಲಿನಲ್ಲಿ ಮೊದಲನೇ ಪಂಕ್ತಿ ಎದ್ದಿತ್ತು. ದುಂಡಮ್ಮ ಖಾಲಿ ಕೊಳಗ ಹೊತ್ತುಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಮರಿಸ್ವಾಮಿ ಮೆಟ್ಟಿಲು ತಿರುಗುವ ಜಾಗದಲ್ಲಿ ನಿಂತಿದ್ದ. ಯಾರೋ ಪಾಯಸ ಚೆಲ್ಲಿದ್ದರು. ಅವಳ ಕಾಲು ಜಾರಿತು. ಕೊಳಗ ದಡಬಡ ಉರುಳಿತು. ಬೀಳುತ್ತಾ ಅವಳು ಕೈ ಚಾಚಿದಳು. "ಮಗಾ."

ಮರಿಸ್ವಾಮಿ ತಡ ಮಾಡಲಿಲ್ಲ. ಹೆದರಲಿಲ್ಲ. ಕೈ ಬಾಣದ ಹಾಗೆ ಮುಂದಕ್ಕೆ ಹೋಯಿತು. ಅವ್ವನ ಕೈಗೆ ಒಂದು ಬೆರಳು ಇರೋ ಹಾಗೆ ನಿಂತಿತು.

ಅವಳ ಬೆರಳು ಗಾಳಿಯನ್ನು ಹಿಡಿದವು. ಅವಳು ಅವನ ಪಕ್ಕದಲ್ಲೇ ಉರುಳಿಕೊಂಡು ಕೆಳಗೆ ಹೋದಳು. ಕೊನೇ ಮೆಟ್ಟಿಲ ಕಲ್ಲಿಗೆ ತಲೆ ಬಡಿಯಿತು.

ಅವನು ಇಳಿದು ಬಂದು ಪಕ್ಕ ಕೂತ. "ಮುಟ್ಟಲಿಲ್ಲ ಅವ್ವ. ಸರಿಯಾಗಿ ಒಂದು ಬೆರಳು" ಅಂದ. ಹೇಳುವಾಗಲೇ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಯಾವಾಗಲೂ ಬೈಯೋ ಅವ್ವ ಬೈಯಲಿಲ್ಲ. ಅವಳಿಗೆ ಬೈಯುವಷ್ಟು ಉಸಿರಿರಲಿಲ್ಲ.

"ಹಿಡ್ಕೊಳ್ಳೋ ಮಗಾ. ನನ್ನ ಕೈ ಹಿಡ್ಕೊ. ಬಿಡಬೇಡ."

ಅವ್ವ ಹೇಳಿದಳು. ಮರಿಸ್ವಾಮಿ ಕೇಳಿದ. ಕೈ ಹಿಡಿದುಕೊಂಡ.

ಆಟೋದಲ್ಲಿ ಹಿಡಿದೇ ಇದ್ದ. ಆಸ್ಪತ್ರೆ ಬರುವ ಮೊದಲೇ ಅವಳ ಉಸಿರು ನಿಂತಿತ್ತು. ಡಾಕ್ಟರು ಕೈ ಬಿಡಪ್ಪ ಅಂದರು, ಬಿಡಲಿಲ್ಲ. ಮನೆಗೆ ತಂದರು. ಸ್ನಾನ ಮಾಡಿಸೋ ಹೆಂಗಸರು ಬೈದರು, ಬೇಡಿಕೊಂಡರು. ಕೊನೆಗೆ ಅವನ ಮುಖದ ಮೇಲೆ ಟವೆಲ್ ಹಾಕಿ, ಅವನ ಕೈ ಅವಳ ಕೈಯಲ್ಲಿರೋವಾಗಲೇ ನೀರು ಹೊಯ್ದರು. ಚಟ್ಟಕ್ಕೆ ಗವಿರಂಗನೂ ಹೆಗಲು ಕೊಟ್ಟಿದ್ದ. ಮರಿಸ್ವಾಮಿ ಪಕ್ಕದಲ್ಲಿ ಕೈ ಹಿಡಿದೇ ನಡೆದ. ದಾರಿಯಲ್ಲಿ ಇಬ್ಬರು ಸೇರಿ ಅವನ ಬೆರಳು ಬಿಡಿಸೋಕೆ ನೋಡಿದರು. ಎತ್ತಿನಂಥ ಮೈ, ಆಗಲಿಲ್ಲ.

ಗುಂಡಿಯೊಳಕ್ಕೆ ಅವಳನ್ನು ಇಳಿಸಿದರು. ಜೊತೆಗೆ ಅವನೂ ಇಳಿದ.

"ಮೇಲೆ ಬಾರೋ, ಮಣ್ಣು ಹಾಕಬೇಕು" ಅಂದರು ಊರ ಹಿರಿಯರೊಬ್ಬರು.

"ಹಾಕಿ" ಅಂದ ಮರಿಸ್ವಾಮಿ.

ಇನಾಯತ್ ಮೇಷ್ಟ್ರು ಗುಂಡಿಯ ಅಂಚಿಗೆ ಬಂದು ಮಂಡಿಯೂರಿದರು. "ಕೈ ಬಿಟ್ಟು ಬಾ ಮರಿಸ್ವಾಮಿ. ನಾನಿದೀನಿ."

"ಅವ್ವ ಬಿಡಬೇಡ ಅಂದಿದಾಳೆ. ಅವಳು ಬಿಡು ಅನ್ನಲಿ ಮೇಷ್ಟ್ರೇ, ಬಿಡ್ತೀನಿ."

ಅವನು ಕೆಳಗಿನಿಂದ ತಲೆಯೆತ್ತಿ ಕೇಳಿದ. "ಈ ಸಲ ಸರಿಯಾಗಿ ಹಿಡ್ಕೊಂಡಿದೀನಿ ತಾನೇ?"

ಇವನಿಗೆ ಇನ್ನೊಂದು ಮಾತು ಹೇಳೋಕೆ ಮೇಷ್ಟ್ರಿಗೆ ಭಯವಾಗಿತ್ತು. ಸುತ್ತ ನಿಂತ ಜನರ ಕೈಯಲ್ಲಿ ಹಿಡಿ ಹಿಡಿ ಮಣ್ಣು ಹಾಗೇ ಇತ್ತು. ಕೆಳಗೆ ಮರಿಸ್ವಾಮಿ ಅವ್ವನಿಗೆ ಒತ್ತಾಗದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ಮಲಗಿದ. ಮಣ್ಣು ಬೀಳುತ್ತದಲ್ಲ ಅಂತ ಕಣ್ಣು ಮುಚ್ಚಿಕೊಂಡ.