ಕೇಳದೆ ಉದ್ದವಾದ ತೋಳು

ರಾಣೆಬೆನ್ನೂರಿನಲ್ಲಿ ಬಟ್ಟೆ ಹೊಲಿಯುವ ನೀಲವ್ವನ ಸಾಲಕ್ಕೆ ಫೈನಾನ್ಸಿನವರು ಅವಳನ್ನು ಕೇಳದೆಯೇ ವಿಮೆ ಸೇರಿಸಿ ಕಂತು ಏರಿಸಿದರು. ಕಟ್ಟದಿದ್ದರೆ ಹೊಲಿಗೆ ಯಂತ್ರ ಹೊತ್ತೊಯ್ಯುತ್ತೇವೆ ಎಂದರು. ಅವಳು ಕೇಳಲು ಹೋದರೆ ಮ್ಯಾನೇಜರ್ ತಲೆ ಎತ್ತಲಿಲ್ಲ.

"ಮೆಸೇಜ್ ಹಾಕೀವಿ. ನೀ ಬ್ಯಾಡ ಅನ್ನಲಿಲ್ಲ. ಅಂದಮ್ಯಾಲ ಒಪ್ಪಿದಂಗ."

ನೀಲವ್ವ ಅಂಗಡಿಗೆ ಮರಳಿದಳು. ಅವನ ಹೆಂಡತಿ ಹೊಲಿಯಲು ಕೊಟ್ಟಿದ್ದ ರವಿಕೆ ಅವಳ ಬಳಿಯೇ ಇತ್ತು.

ಕೆಲ ದಿನಗಳ ನಂತರ, ತಮ್ಮನ ನಿಶ್ಚಿತಾರ್ಥಕ್ಕೆ ಹೊರಟ ಆ ಹೆಂಡತಿ, ಗಂಡನ ಜೊತೆ ಅಂಗಡಿಗೆ ಬಂದು ರವಿಕೆ ಬಿಡಿಸಿ ನೋಡಿದಳು. ತೋಳು ಬೆರಳು ದಾಟಿ ಜೋತಾಡುತ್ತಿತ್ತು.

"ಏನಬೇ ಇದು? ನಾ ಹೇಳಿದ್ದು ಗಿಡ್ಡ ತೋಳು."

"ತೋಳು ಉದ್ದ ಮಾಡ್ತೀನಿ, ಕೂಲಿನೂ ಜಾಸ್ತಿ ಅಂತ ಸಾಹೇಬ್ರಿಗೆ ಮೆಸೇಜ್ ಹಾಕಿದ್ನಿರೀ ಅಕ್ಕಾರ. ಅವರು ಬ್ಯಾಡ ಅನ್ನಲಿಲ್ಲ. ಅಂದಮ್ಯಾಲ ಒಪ್ಪಿದಂಗಲ್ರೀ?"

ಮ್ಯಾನೇಜರ್ ಇಂಗು ತಿಂದ ಮಂಗನಂತಾದ. ಹೆಂಡತಿ ನೀಲವ್ವನಿಂದ ಪೂರ್ತಿ ಸಂಗತಿ ಕೇಳಿ ಗಂಡನತ್ತ ತಿರುಗಿದಳು.

"ಈಕಿ ಸಾಲ ಮೊದಲಿದ್ದಂಗ ಮಾಡ್ರಿ. ಇಲ್ಲಂದ್ರ ಈ ರವಿಕಿ ನೀವ ಹಾಕ್ಕೊಂಡು ಬರ್ರಿ."

ಅವನು ನಿಂತಲ್ಲೇ ಆಫೀಸಿಗೆ ಫೋನು ಹಚ್ಚಿದ. ವಿಮೆ ತೆಗೆದುಹಾಕಿದ್ದೇವೆ, ಹಳೆಯ ಕಂತೇ ಇರುತ್ತದೆ ಎಂಬ ಮೆಸೇಜು ನೀಲವ್ವನಿಗೆ ಬಂತು. ಅವಳು ಅದನ್ನು ಪೂರ್ತಿ ಓದಿ, ತೋಳಿನ ದಾರದ ತುದಿ ಹಿಡಿದು ಎಳೆದಳು. ಕಚ್ಚಾ ಹೊಲಿಗೆ ಸರ್ರನೆ ಬಿಚ್ಚಿ, ಜೋಡಿಸಿದ್ದ ಬಟ್ಟೆ ಕಳಚಿ ಬಿತ್ತು. ಉಳಿದದ್ದು ಅಂದವಾದ ಗಿಡ್ಡ ತೋಳು.

"ಕೇಳದ ಹಚ್ಚಿದ್ದು ಬಿಚ್ಚೂದು ಇಷ್ಟ ಸಸಾರ ನೋಡ್ರೀ ಸಾಹೇಬ್ರ," ಎಂದಳು ನೀಲವ್ವ.