ಒಣಮನೆಯ ಕಳ್ಳ

"ಕೇಳಿರಪ್ಪೋ ಕೇಳಿರಿ! ಅಮ್ಮಣ್ಣಿ ಹೊನ್ನಾಜಿಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ಸೋತವರ ತಲೆ ಹೋಗುತ್ತದೆ. ಅಲ್ಲಿಯವರೆಗೆ ಕೋಟೆ ಬಾಗಿಲು ತೆರೆಯುವುದಿಲ್ಲ. ಒಳಗಿದ್ದವರೆಲ್ಲ ಉತ್ತರ ಹೇಳಲೇಬೇಕು!"

ಡಂಗುರ ನಿಲ್ಲುವಷ್ಟರಲ್ಲಿ ಕೋಟೆ ಬಾಗಿಲಿನ ಅಗುಳಿ ಬಿತ್ತು. ಬಟ್ಟೆಗಂಟು ಒಪ್ಪಿಸಲು ಬಂದಿದ್ದ ಮಡಿವಾಳರ ಮಾಚ ಒಳಗೇ ಉಳಿದ. ಆ ಸದ್ದು ಅವನ ಎದೆಯಲ್ಲೇ ಬಿದ್ದಂತಾಯಿತು.

ಬಂಡೆಯ ಮೇಲಿನ ಕೋಟೆ, ಮಾಗಿಯ ಒಣಗಾಳಿ. ಅರಸುಮಗಳು ಹೊನ್ನಾಜಿಯ ಮೈ ಬಿರಿದು, ನಕ್ಕರೆ ತುಟಿಯಲ್ಲಿ ರಕ್ತ. ಮೂರು ಮಾಗಿಯಿಂದ ಅವಳು ಕೋಣೆಯ ಹೊಸ್ತಿಲು ದಾಟಿರಲಿಲ್ಲ.

ಕೋಣೆಯ ಬಾಗಿಲ ಪರದೆಯ ಹಿಂದಿನಿಂದ ಮೊದಲನೆಯದನ್ನು ಕೇಳಿದಳು: "ಹೂವಿನ ಮಗು. ಬಾಯಿಲ್ಲದೆ ಗಾಳಿಯ ನೀರು ಕುಡಿದು ತೆಳ್ಳಗಾಗುತ್ತದೆ. ಏನದು?"

"ಹತ್ತಿ!" ಎಂದ ಪಾಳೆಗಾರನ ಮಗ.

"ಕುಡಿದರೆ ಹತ್ತಿ ಭಾರವಾಗುತ್ತದಪ್ಪಾ, ತೆಳ್ಳಗಾಗುವುದಿಲ್ಲ" ಎಂದಳು ಹೊನ್ನಾಜಿ. ಒಗಟು ಮುಗಿದ ಮೇಲೆ ತಲೆ ಕಡಿಯಲೆಂದು ಭಟರು ಅವನನ್ನು ನೆಲಮಾಳಿಗೆಗೆ ನೂಕಿದರು.

ಅರಮನೆಯ ಪಂಡಿತ ಮುಂದೆ ಬಂದ. ಹೋದ ತಿಂಗಳು ಅವಳ ಮೈಗೆ ಗಟ್ಟಿ ಜೇನು ಬಳಿದಿದ್ದವನು ಅವನೇ. "ಜೇನು. ತೆರೆದಿಟ್ಟರೆ ಗಾಳಿಯ ತೇವ ಹೀರಿ ನೀರಾಗುತ್ತದೆ" ಎಂದ, ಸರಿಯಾಯಿತು.

"ಎರಡನೆಯದು ಕೇಳಿ. ಒದ್ದೆಮನೆಗೆ ನೆಂಟ, ಒಣಮನೆಗೆ ಕಳ್ಳ. ಯಾರವನು?"

"ಇಲಿ" ಎಂದ ಪಂಡಿತ. ಅವನೂ ಕೆಳಗಿಳಿದ.

ಇನ್ನು ಮಾಚನ ಸರದಿ. ಸವಳುಮಣ್ಣಿನಲ್ಲಿ ಬಟ್ಟೆ ತಿಕ್ಕಿ ಒಡೆದ ತನ್ನ ಕೈ ನೋಡಿಕೊಂಡ. "ಅವನೂ ಜೇನೇ, ತಾಯಿ. ತೇವವಿದ್ದರೆ ಹಿಡಿದಿಡುತ್ತಾನೆ. ಒಣಗಾಳಿಯಲ್ಲಿ ಒಣಮೈಗೆ ಹಚ್ಚಿದರೆ ಚರ್ಮದೊಳಗಿನ ನೀರನ್ನೇ ಎಳೆಯುತ್ತಾನೆ. ನಾನೂ ಹಾಗೆ ಹಚ್ಚಿ ಅತ್ತವನೇ."

ಪರದೆ ಅಲುಗಿತು. "ಹಾಗಾದರೆ ಆ ಕಳ್ಳನನ್ನೇ ಕಾವಲಿಗೆ ನಿಲ್ಲಿಸುವುದು ಹೇಗೆ? ಇದರ ಉತ್ತರ ನನಗೂ ಗೊತ್ತಿಲ್ಲ, ಮಾಚಣ್ಣ."

"ಮೊದಲು ಮೈ ತೋಯಿಸಿ. ಆರುವ ಮೊದಲು ನೀರಲ್ಲಿ ಕದಡಿದ ಜೇನು, ಅದರ ಮೇಲೆ ತೆಳ್ಳಗೆ ತುಪ್ಪ. ನೀರನ್ನು ಜೇನು ಹಿಡಿಯುತ್ತದೆ, ತುಪ್ಪ ಬಾಗಿಲು ಹಾಕುತ್ತದೆ. ಆದರೆ ಇವತ್ತು ಮೊಳಕೈ ಒಳಗೆ ಒಂದು ಬೊಟ್ಟು ಮಾತ್ರ. ಒಗ್ಗದಿದ್ದರೆ ನಾಳೆಗೆ ಕೆಂಪಾಗಿ ತುರಿಸುತ್ತದೆ."

"ನಾಳೆಯೇ?" ಪರದೆಯ ಪಕ್ಕ ಕೂತಿದ್ದ ಅರಸ ಗದರಿದ. "ನಾಳೆಯ ತನಕ ನಿನ್ನ ತಲೆ ಇರಬೇಕಲ್ಲವೋ!"

ಮಾಚ ಕೈಮುಗಿದ. "ಹೊಸ ಬಣ್ಣದ ಸೀರೆಯನ್ನೂ ಅಂಚು ನೆನೆಸಿ ನೋಡದೆ ನಾವು ಒಗೆಯುವುದಿಲ್ಲ, ಬುದ್ಧೀ. ಇದು ಮೈ."

ಬಟ್ಟೆಗಂಟಿನ ಜೊತೆಗೇ ಅವನನ್ನು ಕೂಡಿಹಾಕಿದರು. ಮಾಚ ಶಿವನನ್ನು ನೆನೆಯುತ್ತ ಕೂತ. ಮರುದಿನ ಬೊಟ್ಟು ಇಟ್ಟಿದ್ದ ಅವಳ ಮೊಳಕೈ ಕೆಂಪಾಗಿರಲಿಲ್ಲ. ಆಮೇಲೆ ಕೈಗೆ ಹಚ್ಚಿದರು, ಆಮೇಲೆ ತುಟಿಗೆ. ಒಂಬತ್ತನೆಯ ದಿನ ಹೊನ್ನಾಜಿ ಪರದೆ ಸರಿಸಿ ನಕ್ಕಳು. ರಕ್ತ ಬರಲಿಲ್ಲ.

"ಏನು ಬೇಕೋ ಕೇಳು" ಎಂದ ಅರಸ, ಕಣ್ಣೊರೆಸಿಕೊಂಡು.

"ನೆಲಮಾಳಿಗೆಯವರನ್ನು ಬಿಡಿ, ಬುದ್ಧೀ. ಬಾಗಿಲು ತೆಗೆಸಿ. ನನ್ನ ಒಗೆತವೆಲ್ಲ ಹಾಗೇ ಬಿದ್ದಿದೆ."

ಅರಸ ಕೋಟೆಯ ಬೀಗದಕೈಯನ್ನೇ ಅವನ ಗಂಟಿನ ಮೇಲಿಟ್ಟ. ಮಾಚ ಅಗುಳಿ ಎತ್ತಿದ. ಅವನಿಗಿಂತ ಮೊದಲು ಹೊರಗೆ ಕಾಲಿಟ್ಟವಳು ಹೊನ್ನಾಜಿ. ಆಮೇಲೆ ಆ ಬಾಗಿಲು ಹಗಲಲ್ಲಿ ಮುಚ್ಚಲಿಲ್ಲವಂತೆ. ಅವರನ್ನು ತಂಪಾಗಿಟ್ಟ ಶಿವ ನಮ್ಮನ್ನೂ ಇಡಲಿ.